ನಂದಿ ಬೆಟ್ಟದ ಬುಡದಲ್ಲಿ ಒಂದು ದಿನ ವೈನ್ ಟೇಸ್ಟಿಂಗ್: ಹೊರಡುವ ಮುಂಚೆ ಓದಿಕೊಳ್ಳಿ

ನಮ್ಮ ಮನೆಯಲ್ಲಿ ವೈನ್ ಅಂದ್ರೆ ಬಹಳ ವರ್ಷ ಒಂದೇ ಅರ್ಥ. ಕ್ರಿಸ್‌ಮಸ್‌ಗೆ ಪಕ್ಕದ ಮನೆ ಆಂಟಿ ಕೇಕ್ ಜೊತೆ ಕಳಿಸುತ್ತಿದ್ದ ಸಿಹಿ ಸಿಹಿ ಕೆಂಪು ಪಾನಕ. ಅದೇ ನೆನಪಿನಲ್ಲಿ ಮೊದಲ ಸಲ ವೈನರಿಗೆ ಹೋಗಿ ಒಂದು ಗುಟುಕು ಕುಡಿದೆ. ಹುಣಸೆಹಣ್ಣು ಕಚ್ಚಿದವರ ಹಾಗೆ ಮುಖ ಕಿವಿಚಿಕೊಂಡೆ. ಅವತ್ತು ನಾವು ಮಾಡಿದ ತಪ್ಪು ಒಂದೆರಡಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಖಾಲಿ ಹೊಟ್ಟೆಯಲ್ಲಿ, ಒಂದೇ ದಿನ ಮೂರು ವೈನರಿ ಸುತ್ತಿದೆವು. ಮೂರನೆಯದರಲ್ಲಿ ಏನು ಕುಡಿದೆವು ಅಂತ ಇವತ್ತಿಗೂ ಯಾರಿಗೂ ನೆನಪಿಲ್ಲ.

ಆಮೇಲೆ ನಾಲ್ಕೈದು ಸಲ ಹೋಗಿದ್ದೇನೆ. ಈಗ ಮನೆಯವರನ್ನೂ ಕರೆದುಕೊಂಡು ಹೋಗುವಷ್ಟು ಧೈರ್ಯ ಬಂದಿದೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರುವ ಹಾಗೆ, ದೊಡ್ಡಬಳ್ಳಾಪುರ ಕಡೆಯ ಎರಡು ವೈನರಿ ನೋಡಿ ಬರುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಎಲ್ಲಿಗೆ ಹೋಗಬೇಕು

ವೈನ್ ದ್ರಾಕ್ಷಿಗೆ ಹೇಳಿ ಮಾಡಿಸಿದ ಜಾಗ ಅಂತ ಪುಸ್ತಕಗಳು ಹೇಳುವುದು 30ರಿಂದ 50 ಡಿಗ್ರಿ ಅಕ್ಷಾಂಶದ ನಡುವಿನ ಪಟ್ಟಿಯನ್ನು. ನಂದಿ ಬೆಟ್ಟ ಇರುವುದು 13 ಡಿಗ್ರಿ ಹತ್ತಿರ. ಲೆಕ್ಕದ ಪ್ರಕಾರ ಇಲ್ಲಿ ಒಳ್ಳೆಯ ವೈನ್ ಆಗಬಾರದು. ಆದರೆ ಈ ಸೀಮೆ ಎತ್ತರದಲ್ಲಿದೆ. ಬೆಟ್ಟದ ತುದಿ 1,478 ಮೀಟರ್, ಬುಡದ ತೋಟಗಳೂ ಬೆಂಗಳೂರಿನಷ್ಟೇ ಎತ್ತರದಲ್ಲಿವೆ. ರಾತ್ರಿ ತಣ್ಣಗಿರುತ್ತದೆ. ಹಗಲಿನ ಬಿಸಿಲು ಹಣ್ಣಿಗೆ ಸಿಹಿ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ವೈನ್‌ಗೆ ಎರಡೂ ಬೇಕು.

ಇದನ್ನು ನಂಬಿ ದುಡ್ಡು ಹಾಕಿದವರು ಕನ್ವಲ್ ಗ್ರೋವರ್. ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, 1988ರಲ್ಲಿ ಇಲ್ಲಿ ಫ್ರೆಂಚ್ ತಳಿಯ ಬಳ್ಳಿ ನೆಟ್ಟರು. 1992ರಲ್ಲಿ ಮೊದಲ ವೈನ್ ಬಂತು. ಅವರ ಕಂಪನಿ 2012ರಲ್ಲಿ ನಾಸಿಕ್ ಕಡೆಯ ವ್ಯಾಲೆ ಡಿ ವಿನ್ ಅನ್ನುವ ವೈನ್ ಕಂಪನಿ ಜೊತೆ ಸೇರಿ ಗ್ರೋವರ್ ಝಂಪಾ ಆಯಿತು. ಇಲ್ಲಿನ ವೈನರಿ ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯ ರಘುನಾಥಪುರದಲ್ಲಿದೆ. ಮೊದಲ ಸಲ ಹೋಗುವವರು ಇಲ್ಲಿಂದಲೇ ಶುರು ಮಾಡಲಿ ಅನ್ನೋದು ನನ್ನ ಅಭಿಪ್ರಾಯ. ತೋಟ, ತೊಟ್ಟಿ, ಪೀಪಾಯಿ ಎಲ್ಲ ಒಂದೇ ಕಡೆ ನೋಡಲು ಸಿಗುತ್ತದೆ.

ಎರಡನೆಯದು ಸೋಮ ವೈನ್ ವಿಲೇಜ್. ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗದ ಕಡೆ, ಗುಂಡಮಗೆರೆ ಹತ್ತಿರ. ಮೊದಲನೆಯದಕ್ಕಿಂತ ಚಿಕ್ಕದು, ಗದ್ದಲ ಕಡಿಮೆ. ಕಣ್ಣೆದುರಿಗೆ ಬೆಟ್ಟದ ಸಾಲು. ಮಧ್ಯಾಹ್ನದ ಊಟ ಮಾಡಿ ನಿಧಾನವಾಗಿ ಕೂರಲು ನನಗೆ ಇದೇ ಇಷ್ಟ.

ಮೈಸೂರು ರಸ್ತೆ ಕಡೆ ಮನೆ ಇರುವವರು ಇಷ್ಟು ದೂರ ಬರಬೇಕಿಲ್ಲ. ಚನ್ನಪಟ್ಟಣದ ಹತ್ತಿರ ಡೊಮೈನ್ ಸುಲಾ ಇದೆ, ಮುಂಚೆ ಹೆರಿಟೇಜ್ ವೈನರಿ ಅಂತಿತ್ತು. ಗೊಂಬೆಯೂ ಆಯಿತು, ವೈನೂ ಆಯಿತು. ಕೊಪ್ಪಳ ಜಿಲ್ಲೆಯ ಕನಕಗಿರಿ ಕಡೆ ಕ್ರಸ್ಮ ಎಸ್ಟೇಟ್ ಇದೆ. ಅದು ಹಂಪಿ ಪ್ರವಾಸದ ಜೊತೆ ಸೇರಿಸಿಕೊಳ್ಳುವ ಮಾತು, ಒಂದು ದಿನದ್ದಲ್ಲ. ವಿಜಯಪುರದಲ್ಲಿ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ಇದೆಯಲ್ಲ ಅಂತ ಕೇಳಬಹುದು. ಅದರಲ್ಲಿ ಹೆಚ್ಚಿನದು ತಿನ್ನುವ ಹಣ್ಣಿಗೆ, ಒಣದ್ರಾಕ್ಷಿಗೆ ಹೋಗುತ್ತದೆ.

ಒಂದು ದಿನಕ್ಕೆ ಎರಡು ವೈನರಿ ಸಾಕು. ಮೂರನೆಯದನ್ನು ಸೇರಿಸೋಣ ಅಂತ ಗುಂಪಿನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಒಪ್ಪಬೇಡಿ.

ಯಾವಾಗ ಹೋಗಬೇಕು

ಸಂಕ್ರಾಂತಿ ಕಳೆದ ಮೇಲೆ, ಯುಗಾದಿ ಬರುವುದರೊಳಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು ನಡೆಯುತ್ತದೆ. ಬಳ್ಳಿಯಲ್ಲಿ ಗೊಂಚಲು, ಒಳಗೆ ಹಣ್ಣು ಅರೆಯುವ ಯಂತ್ರದ ಸದ್ದು, ಅಂಗಳದಲ್ಲೆಲ್ಲ ಹುಳಿ ಬಂದ ದ್ರಾಕ್ಷಿಯ ಘಮ. ಬೇರೆ ತಿಂಗಳಲ್ಲಿ ಹೋದರೂ ವೈನ್ ಸಿಗುತ್ತದೆ, ಆದರೆ ತೊಟ್ಟಿಗಳು ಸುಮ್ನೆ ನಿಂತಿರುತ್ತವೆ.

ಏಪ್ರಿಲ್ ಮೇ ತಿಂಗಳಲ್ಲಿ ಹೋದವರು "ತೋಟ ಎಲ್ಲ ಬೋಳು ಬೋಳಾಗಿತ್ತು" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ಕಾರಣ ಇದೆ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ತಾನೇ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಆ ಚಳಿ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ರೆಂಬೆ ಕತ್ತರಿಸಿ ಬಳ್ಳಿ ಸವರುತ್ತಾರೆ. ವಿಜಯಪುರ ಕಡೆ ಇದಕ್ಕೆ ಚಾಟನಿ ಅಂತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಸುಮಾರಿಗೆ ಒಂದು, ಅದು ರೆಂಬೆ ಗಟ್ಟಿಯಾಗಲು. ಮಳೆ ಹಿಂದೆ ಸರಿಯುವಾಗ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು, ಅದು ಹಣ್ಣಿಗೆ. ಸವರುವುದು ಎರಡು ಸಲ, ವೈನ್‌ಗೆ ಕೊಯ್ಯುವುದು ಒಂದೇ ಸಲ.

ಶನಿವಾರ, ಭಾನುವಾರ ಆಫೀಸ್ ಟೀಮ್‌ಗಳ ದಂಡೇ ಬರುತ್ತದೆ. ಮಂಗಳವಾರವೋ ಗುರುವಾರವೋ ರಜೆ ಹಾಕಿ ಹೋದರೆ ತೋರಿಸುವವರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ. ಡ್ರೈ ಡೇ, ಅಂದರೆ ಮದ್ಯ ಮಾರದ ದಿನ, ನೋಡಿಕೊಳ್ಳಿ. ಅಕ್ಟೋಬರ್ 2 ಎಲ್ಲರಿಗೂ ಗೊತ್ತು. ಚುನಾವಣೆ ಇದ್ದರೆ ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲಿನಿಂದಲೇ ಬಂದ್. ಇದನ್ನು ಮರೆತು ಹೋಗಿ ಗೇಟಿನಿಂದಲೇ ವಾಪಸ್ ಬಂದವರನ್ನು ನಾನು ಬಲ್ಲೆ.

ಫೋನ್ ಮಾಡಿ ಕೇಳಬೇಕಾದ್ದು

ಮುಂಚೆ ಫೋನ್ ಮಾಡದೆ ಹೊರಡಬೇಡಿ. ನಾವು ಒಂದು ಕಡೆ, ಹೆಸರು ಬೇಡ, ವೆಬ್‌ಸೈಟ್‌ನಲ್ಲಿ ಬುಕ್ ಮಾಡಿ ಹೋಗಿದ್ದೆವು. "ಇವತ್ತು ಕಂಪನಿ ಗೆಸ್ಟ್ ಇದ್ದಾರೆ ಸರ್, ಟೂರ್ ಇಲ್ಲ" ಅಂದರು. ಅವತ್ತಿನಿಂದ ಹಿಂದಿನ ದಿನ ಸಂಜೆ ಒಂದು ಕಾಲ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ. ಕೇಳಬೇಕಾದ್ದು ಇಷ್ಟು: ಟೂರ್ ಎಷ್ಟು ಗಂಟೆಗೆ, ಒಬ್ಬರಿಗೆ ಎಷ್ಟು, ಎಷ್ಟು ವೈನ್ ರುಚಿ ತೋರಿಸುತ್ತಾರೆ, ಊಟ ಅದರಲ್ಲೇ ಸೇರಿದೆಯಾ, ಕುಡಿಯದವರಿಗೆ ರೇಟ್ ಬೇರೆಯಾ, ಮಕ್ಕಳನ್ನು ಬಿಡುತ್ತಾರಾ. ವಾರದ ದಿನಕ್ಕೂ ವಾರಾಂತ್ಯಕ್ಕೂ ರೇಟಿನಲ್ಲಿ ವ್ಯತ್ಯಾಸ ಇರುತ್ತದೆ, ಅದನ್ನೂ ಬಾಯಿಬಿಟ್ಟು ಕೇಳಿ. 21 ತುಂಬದವರಿಗೆ ವೈನ್ ಕೊಡುವುದಿಲ್ಲ. ನೋಡಲು ಚಿಕ್ಕವರ ಹಾಗೆ ಇರುವವರು ಆಧಾರ್ ಇಟ್ಟುಕೊಂಡು ಹೋಗಿ.

ಗಾಡಿ ಯಾರು ಓಡಿಸುತ್ತಾರೆ

"ಟೇಸ್ಟಿಂಗ್ ತಾನೇ, ಎರಡೆರಡು ಗುಟುಕು, ಏನಾಗುತ್ತೆ" ಅನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಒಂದು ಟೇಸ್ಟಿಂಗ್‌ನಲ್ಲಿ ಆರು ವೈನ್, ಒಂದೊಂದೂ 40 ಎಂ.ಎಲ್. ಅಂತಿಟ್ಟುಕೊಳ್ಳಿ. ಒಟ್ಟು 240 ಎಂ.ಎಲ್. ವೈನ್‌ನಲ್ಲಿ ಆಲ್ಕೋಹಾಲ್ ಶೇ. 13 ಇದ್ದರೆ, ಹೊಟ್ಟೆಗೆ ಹೋಗಿದ್ದು ಸುಮಾರು 31 ಎಂ.ಎಲ್. ಶುದ್ಧ ಆಲ್ಕೋಹಾಲ್. ಬಾರಿನಲ್ಲಿ ಒಂದು ಲಾರ್ಜ್ ವಿಸ್ಕಿ ಅಂದ್ರೆ 60 ಎಂ.ಎಲ್., ಶೇ. 42.8. ಅದರಲ್ಲಿರುವುದು ಸುಮಾರು 26 ಎಂ.ಎಲ್. ಅಂದರೆ ಒಂದು ವೈನರಿಯ ಗುಟುಕುಗಳೇ ಒಂದು ಲಾರ್ಜ್‌ಗಿಂತ ಜಾಸ್ತಿ. ಎರಡು ವೈನರಿಗೆ ಎರಡರಿಂದ ಗುಣಿಸಿ.

100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕೆಳಗೆ ಕೇಸು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲ 6 ತಿಂಗಳವರೆಗೆ ಜೈಲು, ಇಲ್ಲ ಎರಡೂ. ದಂಡದ ಮಾತು ಬಿಡಿ, ಆ ರಸ್ತೆಗಳಲ್ಲಿ ಲಾರಿ, ಟ್ರ್ಯಾಕ್ಟರ್, ಸಂಜೆ ಮನೆಗೆ ಮರಳುವ ಹಸುಗಳು ಎಲ್ಲ ಇರುತ್ತವೆ.

ನಾಲ್ಕು ಜನ ಇದ್ದರೆ ದಿನಪೂರ್ತಿ ಒಂದು ಕ್ಯಾಬ್ ಮಾತಾಡಿಕೊಳ್ಳುವುದೇ ಸರಿ. 8 ಗಂಟೆ 80 ಕಿಲೋಮೀಟರ್ ಪ್ಯಾಕೇಜ್ ಸಾಲುವುದಿಲ್ಲ. ಊರೊಳಗಿಂದ ಹೋಗಿ ಎರಡು ಕಡೆ ಸುತ್ತಿ ಬರುವಷ್ಟರಲ್ಲಿ ಅದು ದಾಟಿಹೋಗುತ್ತದೆ, ಆಮೇಲೆ ಹೆಚ್ಚುವರಿ ಕಿಲೋಮೀಟರ್ ಲೆಕ್ಕದಲ್ಲಿ ಜಗಳ. ಮೊದಲೇ ದಾರಿ ಹೇಳಿ ಒಟ್ಟು ರೇಟ್ ಮಾತಾಡಿ. ಹೋಗುವಾಗ ಆ್ಯಪ್‌ನಲ್ಲಿ ಕ್ಯಾಬ್ ಹಿಡಿದು, ಬರುವಾಗಲೂ ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡಿ. ಆ ಹಳ್ಳಿ ರಸ್ತೆಗಳಲ್ಲಿ ಕಷ್ಟ. ಗೆಳೆಯರಲ್ಲೇ ಒಬ್ಬರು ಓಡಿಸುವುದಾದರೆ ಅವರು ಒಂದು ಹನಿಯೂ ಮುಟ್ಟಬಾರದು. ಅವರ ಊಟದ ಬಿಲ್ ಉಳಿದವರು ಹಂಚಿಕೊಳ್ಳಿ, ನ್ಯಾಯ ಅದು. ಅವರಿಗೆ ಇಷ್ಟವಾದ ಒಂದು ಬಾಟಲಿಯನ್ನೂ ಕೊಡಿಸಿ, ಮನೆಗೆ ಹೋಗಿ ತೆಗೆಯಲಿ.

ಬೆಳಿಗ್ಗೆ: ತಿಂಡಿ, ಬಟ್ಟೆ, ಮಲ್ಲಿಗೆ ಹೂವು

ಹೊಟ್ಟೆ ತುಂಬ ತಿಂಡಿ ತಿನ್ನಿ, ಆದರೆ ಖಾರ ಬೇಡ. ಇಡ್ಲಿ, ಸೆಟ್ ದೋಸೆ, ಉಪ್ಪಿಟ್ಟು ಪರವಾಗಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ದಾರಿಯಲ್ಲಿ ಗಾಡಿ ನಿಲ್ಲಿಸಿ ಎರಡು ಪ್ಲೇಟ್ ಮೆಣಸಿನಕಾಯಿ ಬಜ್ಜಿ ಹೊಡೆದ. ಟೇಸ್ಟಿಂಗ್ ಮುಗಿಯುವ ತನಕ ಅವನಿಗೆ ಎಲ್ಲ ವೈನೂ ಒಂದೇ ರುಚಿ, ಉರಿ. ಸ್ಟ್ರಾಂಗ್ ಫಿಲ್ಟರ್ ಕಾಫಿಯನ್ನೂ ಹೊರಡುವ ಮೊದಲೇ ಮುಗಿಸಿ. ಬಾಯಲ್ಲಿ ಪುದೀನ ಮಿಂಟ್, ಅಡಿಕೆ ಏನೂ ಬೇಡ.

ಸೆಂಟ್ ಹಾಕಿಕೊಳ್ಳಬೇಡಿ. ಇದು ಎಲ್ಲರೂ ಹೇಳುವ ಮಾತು. ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ: ಮಲ್ಲಿಗೆ ಮುಡಿದು ಹೋಗಬೇಡಿ. ಒಂದು ಸಲ ಚಿಕ್ಕಮ್ಮನ ಜೊತೆ ಹೋಗಿದ್ದೆ. ಅವರು ದೇವನಹಳ್ಳಿ ಹತ್ತಿರ ಕಾರು ನಿಲ್ಲಿಸಿ ಎರಡು ಮೊಳ ದುಂಡುಮಲ್ಲಿಗೆ ತಗೊಂಡು ಮುಡಿದರು. ಟೇಸ್ಟಿಂಗ್ ಟೇಬಲ್‌ನಲ್ಲಿ ನನ್ನ ಪಕ್ಕದಲ್ಲೇ ಕೂತರು. ಮೊದಲ ವೈಟ್ ವೈನ್ ಮೂಸಿದೆ, ಮಲ್ಲಿಗೆ. ಎರಡನೆಯದು, ಮಲ್ಲಿಗೆ. ವೈನ್ ಸುರಿಯುತ್ತಿದ್ದ ಹುಡುಗ ನಗು ತಡೆದುಕೊಂಡು "ಮೇಡಂ, ಹೂವು ಸ್ವಲ್ಪ ಹೊತ್ತು ಆ ಕಡೆ ಇಡ್ತೀರಾ" ಅಂದ. ಚಿಕ್ಕಮ್ಮ ತೆಗೆದು ಬ್ಯಾಗಿನಲ್ಲಿಟ್ಟರು. "ಮುಡಿದ ಹೂವು ತೆಗೆಸಿದ್ರಲ್ಲೋ, ಇದೆಂಥ ಶಾಸ್ತ್ರ" ಅಂತ ವಾಪಸ್ ಬರುವ ತನಕ ಗೊಣಗಿದರು. ಕ್ಯಾಬಿನ ಡ್ಯಾಶ್‌ಬೋರ್ಡ್ ಮೇಲೆ ಊದಿನಕಡ್ಡಿ ಉರಿಯುತ್ತಿದ್ದರೆ ಡ್ರೈವರ್ ಅಣ್ಣನಿಗೂ ಒಂದು ಮಾತು ಹೇಳಿ. ಆ ವಾಸನೆ ಬಟ್ಟೆಗೆ ಹತ್ತಿಕೊಳ್ಳುತ್ತದೆ.

ಟೋಪಿ, ನೀರಿನ ಬಾಟಲಿ, ಮುಚ್ಚಿದ ಚಪ್ಪಲಿ ಇಲ್ಲ ಶೂ ಇರಲಿ. ತೋಟದ ಮಣ್ಣಿನಲ್ಲೂ ಒದ್ದೆ ನೆಲದಲ್ಲೂ ನಡೆಯಬೇಕು. ಒಳಗೆ ಪೀಪಾಯಿ ಇಡುವ ಕೋಣೆ ತಣ್ಣಗಿರುತ್ತದೆ, ಚಳಿ ತಡೆಯದವರು ಒಂದು ಶಾಲು ಹಿಡಿದುಕೊಳ್ಳಿ. ಬಿಳಿ ಅಂಗಿ ಮಾತ್ರ ಬೇಡ. ಗ್ಲಾಸ್ ತಿರುಗಿಸಲು ಕಲಿಯುವ ದಿನ ಅದು.

ತೋಟದಲ್ಲಿ ಏನು ನೋಡಬೇಕು

ಗೇಟಿನೊಳಗೆ ಹೋದ ತಕ್ಷಣ ಒಂದು ವ್ಯತ್ಯಾಸ ಕಾಣುತ್ತದೆ. ದಾರಿಯುದ್ದಕ್ಕೂ ರೈತರ ದ್ರಾಕ್ಷಿ ತೋಟ ಅಂದ್ರೆ ತಲೆ ಮೇಲೆ ಚಪ್ಪರ, ಕೆಳಗೆ ನೆರಳು. ವೈನ್ ತೋಟದಲ್ಲಿ ಸಾಮಾನ್ಯವಾಗಿ ಬಳ್ಳಿಯನ್ನು ಬೇಲಿಯ ಹಾಗೆ ತಂತಿಗೆ ನೇರ ಹಬ್ಬಿಸಿರುತ್ತಾರೆ. ಗೊಂಚಲು ಸೊಂಟದ ಮಟ್ಟದಲ್ಲಿ ನೇತಾಡುತ್ತದೆ. ಗಾಳಿ, ಬಿಸಿಲು ಸರಿಯಾಗಿ ಆಡಲಿ ಅಂತ. ಕಾಳು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೇಳಿಕೊಂಡು ಒಂದು ಕಾಳು ಬಾಯಿಗೆ ಹಾಕಿಕೊಳ್ಳಿ. ತಿನ್ನುವ ದ್ರಾಕ್ಷಿಗಿಂತ ಸಿಹಿ ಇರುತ್ತದೆ, ಆಶ್ಚರ್ಯ ಆಗುತ್ತದೆ. ಆ ಸಕ್ಕರೆಯೇ ಮುಂದೆ ಆಲ್ಕೋಹಾಲ್ ಆಗುವುದು. ಸಿಪ್ಪೆಯನ್ನು ಉಗುಳದೆ ನಿಧಾನವಾಗಿ ಅಗಿಯಿರಿ. ನಾಲಿಗೆ ಒಗರಾಗುತ್ತದಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ದಾರಿಬದಿಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಮಾರುತ್ತಿದ್ದರೆ ಕಾಲು ಕೆ.ಜಿ. ತಗೊಳ್ಳಿ. ಚಿಕ್ಕಂದಿನಲ್ಲಿ ನಾವೆಲ್ಲ ಹಿಂಡಿ ತಿಂದದ್ದು ಅದೇ. ಸಿಪ್ಪೆ ಕೈಯಲ್ಲಿ, ಲೋಳೆ ಹಣ್ಣು ಬಾಯಲ್ಲಿ. ಬೆಂಗಳೂರಿನ ಸುತ್ತ ಬಿಟ್ಟರೆ ಆ ಹಣ್ಣಿಗೆ ಇಷ್ಟು ಹೆಸರಿಲ್ಲ, 2013ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ವೈನರಿಯಲ್ಲಿ ನೀವು ಕುಡಿಯುವ ರೆಡ್ ವೈನ್‌ನ ಶಿರಾಜ್, ಕ್ಯಾಬರ್ನೆ ದ್ರಾಕ್ಷಿಗಳು ಆ ಜಾತಿಯವಲ್ಲ. ನೀಲಿ ದ್ರಾಕ್ಷಿ ಹೆಚ್ಚಾಗಿ ಜ್ಯೂಸ್‌ಗೆ, 'ಪೋರ್ಟ್' ಅಂತ ಮಾರುವ ಅಗ್ಗದ ಸಿಹಿ ವೈನ್‌ಗೆ ಹೋಗುತ್ತದೆ. ಎರಡೂ ಹಣ್ಣನ್ನು ಒಂದೇ ದಿನ ತಿಂದು ನೋಡಿದರೆ ಯಾಕೆ ಅಂತ ಬಾಯಿಗೇ ಗೊತ್ತಾಗುತ್ತದೆ.

ಒಳಗಿನ ಟೂರ್ ಅರ್ಧ ಮುಕ್ಕಾಲು ಗಂಟೆ. ಸ್ಟೀಲ್ ತೊಟ್ಟಿ, ಪೈಪು, ತಾಪಮಾನದ ಮೀಟರ್. ಬಹಳ ಜನ ಇಲ್ಲಿ ಫೋಟೋ ತೆಗೆಯುತ್ತಾ ಮಾತು ಕೇಳಿಸಿಕೊಳ್ಳುವುದಿಲ್ಲ. ಒಂದು ವಿಷಯ ಮಾತ್ರ ಕಿವಿಗೆ ಹಾಕಿಕೊಳ್ಳಿ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೂ ರಸ ಹೆಚ್ಚುಕಡಿಮೆ ಬೆಳ್ಳಗೇ ಬರುತ್ತದೆ. ಬಣ್ಣ ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ಸಮೇತ ಹುದುಗಲು ಬಿಟ್ಟರೆ ರೆಡ್ ವೈನ್. ಸ್ವಲ್ಪ ಹೊತ್ತು ಬಿಟ್ಟು ಸೋಸಿದರೆ ರೋಸೆ. ವೈಟ್‌ಗೆ ಮೊದಲೇ ಹಿಂಡಿ ರಸ ಮಾತ್ರ ಹುದುಗಿಸುತ್ತಾರೆ. ಬಣ್ಣದ ಜೊತೆ ಒಗರೂ ಸಿಪ್ಪೆಯಿಂದಲೇ ಬರುವುದರಿಂದ ರೆಡ್ ವೈನ್ ಒಗರು, ವೈಟ್ ವೈನ್ ಅಷ್ಟಿಲ್ಲ.

ಪೀಪಾಯಿ ಕೋಣೆಯಲ್ಲಿ ಓಕ್ ಮರದ ಪೀಪಾಯಿಗಳ ಸಾಲು. ಸಾಮಾನ್ಯವಾಗಿ ಒಂದೊಂದು 225 ಲೀಟರ್. ಒಂದು ನಿಮಿಷ ಮಾತು ನಿಲ್ಲಿಸಿ ಉಸಿರೆಳೆದುಕೊಳ್ಳಿ. ಹಳೇ ಮನೆಯ ಮರದ ಪೆಟ್ಟಿಗೆ ತೆಗೆದಾಗ ಬರುವ ಥರದ ವಾಸನೆ, ಅದರ ಮೇಲೆ ಸ್ವಲ್ಪ ವೆನಿಲ್ಲಾ. ಇನ್ನರ್ಧ ಗಂಟೆಗೆ ಅದೇ ವಾಸನೆ ಗ್ಲಾಸಿನಲ್ಲಿ ಸಿಕ್ಕಾಗ ಖುಷಿ ಆಗುತ್ತದೆ.

ಗ್ಲಾಸ್ ಮುಂದೆ ಕೂತಾಗ

ಕ್ರಮ ಹೀಗಿರುತ್ತದೆ: ಮೊದಲು ಗುಳ್ಳೆ ಬರುವ ಸ್ಪಾರ್ಕ್ಲಿಂಗ್, ಆಮೇಲೆ ವೈಟ್, ರೋಸೆ, ತೆಳು ರೆಡ್, ಗಟ್ಟಿ ರೆಡ್. ಸಿಹಿ ವೈನ್ ಇದ್ದರೆ ಕೊನೆಗೆ. ಹೋಳಿಗೆ ತಿಂದು ಕಾಫಿ ಕುಡಿದರೆ ಕಾಫಿ ಸಪ್ಪೆ ಅನ್ನಿಸುತ್ತಲ್ಲ, ಕಾರಣ ಅದೇ.

ಗ್ಲಾಸನ್ನು ಅದರ ಕಾಲು ಹಿಡಿದು ಎತ್ತಿ, ಹೊಟ್ಟೆ ಹಿಡಿಯಬೇಡಿ. ಕೈ ಬಿಸಿ ವೈನ್‌ಗೆ ತಾಗುತ್ತದೆ. ಬಿಳಿ ಕಾಗದದ ಎದುರು ಓರೆ ಮಾಡಿ ಬಣ್ಣ ನೋಡಿ. ತಿರುಗಿಸದೆ ಒಂದು ಸಲ ಮೂಸಿ. ಆಮೇಲೆ ಗ್ಲಾಸಿನ ಬುಡವನ್ನು ಟೇಬಲ್ ಮೇಲೇ ಇಟ್ಟು ನಾಲ್ಕು ಸುತ್ತು ತಿರುಗಿಸಿ. ಗಾಳಿಯಲ್ಲಿ ತಿರುಗಿಸುವ ಸ್ಟೈಲ್ ಆಮೇಲೆ ಕಲಿಯೋಣ. ಈಗ ಮೂಗು ಗ್ಲಾಸಿನೊಳಗೇ ಇಟ್ಟು ಮೂಸಿ. ಮೊದಲಿಗಿಂತ ಎರಡು ಪಟ್ಟು ಘಮ ಬರುತ್ತದೆ. ಒಂದು ಚಿಕ್ಕ ಗುಟುಕು ತಗೊಂಡು ತಕ್ಷಣ ನುಂಗಬೇಡಿ. ಬಾಯಿ ತುಂಬ ಓಡಾಡಿಸಿ. ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಂಡರೆ ಬಿಸಿ ಸಾರು ಸೊರ್ ಅಂತ ಕುಡಿದ ಹಾಗೆ ಸದ್ದು ಬರುತ್ತದೆ. ಬರಲಿ, ಇಲ್ಲಿ ಅದು ಮರ್ಯಾದೆಯೇ.

ಎರಡು ಗುಟುಕು ಆದ ಮೇಲೆ ಉಳಿದದ್ದನ್ನು ಅಲ್ಲೇ ಇಟ್ಟಿರುವ ಪಾತ್ರೆಗೆ ಸುರಿಯಬಹುದು. ಬಾಯಲ್ಲಿರುವುದನ್ನೂ ಅದಕ್ಕೇ ಉಗುಳಬಹುದು. ಎಲೆಅಡಿಕೆ ಹಾಕಿ ರಸ್ತೆಯಲ್ಲಿ ಪಿಚಕ್ ಅನ್ನಿಸಲು ನಾಚಿಕೆ ಇಲ್ಲದ ನಾವು ವೈನ್ ಉಗುಳಲು ಮಾತ್ರ ನಾಚುತ್ತೇವೆ. ದುಡ್ಡು ಕೊಟ್ಟಿದ್ದೀವಿ, ವೇಸ್ಟ್ ಆಗುತ್ತೆ ಅಂತ ಸಂಕಟ. ನಾಲ್ಕನೇ ಗ್ಲಾಸಿನಲ್ಲೂ ನಾಲಿಗೆ ಕೆಲಸ ಮಾಡಬೇಕು ಅಂದ್ರೆ ಮೊದಲ ಮೂರರಲ್ಲಿ ಅರ್ಧವಾದರೂ ಪಾತ್ರೆಗೆ ಹೋಗಬೇಕು. ನಡುವೆ ನೀರು ಕುಡಿಯಿರಿ, ಬ್ರೆಡ್ ತುಂಡು ತಿನ್ನಿ.

ಇನ್ನು ಮಾತಿನ ವಿಷಯ. ವೈನ್ ಸುರಿಯುವವರು "ಬ್ಲ್ಯಾಕ್ ಕರಂಟ್, ಗೂಸ್‌ಬೆರಿ" ಅಂತ ಪಟ್ಟಿ ಓದುತ್ತಾರೆ. ನಮ್ಮಲ್ಲಿ ಎಷ್ಟು ಜನ ಬ್ಲ್ಯಾಕ್ ಕರಂಟ್ ಕಿತ್ತು ತಿಂದಿದ್ದೇವೆ ಹೇಳಿ? ತಿನ್ನದ ಹಣ್ಣನ್ನು ಗ್ಲಾಸಿನಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ? ನಾನಂತೂ ಆ ಪಟ್ಟಿ ಬಿಟ್ಟು ನಮ್ಮ ಮಾರ್ಕೆಟ್ಟಿನ ಪಟ್ಟಿ ಇಟ್ಟುಕೊಂಡಿದ್ದೇನೆ. ಸೋವಿನ್ಯೋನ್ ಬ್ಲಾಂ ಅನ್ನುವ ವೈಟ್‌ನಲ್ಲಿ ದೋರೆ ಸೀಬೆಕಾಯಿ, ಈಗಷ್ಟೇ ಹೆಚ್ಚಿದ ದೊಣ್ಣೆ ಮೆಣಸಿನಕಾಯಿ. ಶೆನಿನ್ ಬ್ಲಾಂನಲ್ಲಿ ಅನಾನಸ್, ಕೆಲವು ಸಲ ಸ್ವಲ್ಪ ಜೇನು. ವಿಯೊನ್ಯೇ ಅನ್ನುವ ಇನ್ನೊಂದು ವೈಟ್ ಸಿಕ್ಕರೆ ಹೂವಿನಂಗಡಿಯೇ. ನನಗೆ ಸಂಪಿಗೆ ಅನ್ನಿಸುತ್ತದೆ, ಚಿಕ್ಕಮ್ಮ ಹೂವು ತೆಗೆದಿಟ್ಟ ಮೇಲೂ ಮಲ್ಲಿಗೆಯೇ ಅಂದರು. ಶಿರಾಜ್‌ನಲ್ಲಿ ನೇರಳೆ ಹಣ್ಣು, ಕುಟ್ಟಿದ ಕರಿಮೆಣಸು. ಕ್ಯಾಬರ್ನೆ ಸೋವಿನ್ಯೋನ್‌ನಲ್ಲಿ ಮತ್ತೆ ದೊಣ್ಣೆ ಮೆಣಸಿನಕಾಯಿ, ಜೊತೆಗೆ ಪೀಪಾಯಿಯಲ್ಲಿ ಇಟ್ಟಿದ್ದರೆ ಮರ, ಹೊಗೆಸೊಪ್ಪು. ಗ್ರೋವರ್‌ನವರ ಹಳೆಯ ಹೆಸರುವಾಸಿ ರೆಡ್ 'ಲಾ ರಿಸರ್ವ್' ಕ್ಯಾಬರ್ನೆ, ಶಿರಾಜ್ ಎರಡೂ ಸೇರಿಸಿ ಮಾಡಿದ್ದು. ಅದರಲ್ಲಿ ಇಷ್ಟೂ ಹುಡುಕಬಹುದು. ನಿಮಗೆ ಬೇರೇನೋ ಅನ್ನಿಸಿದರೆ ಅದನ್ನೇ ಹೇಳಿ. ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಸಂಜೆ ಹೊತ್ತಿಗೆ ಮರೆತುಹೋಗುತ್ತದೆ.

ಒಂದು ವಿಷಯದಲ್ಲಿ ನಾವೇ ಮುಂದೆ. ರೆಡ್ ವೈನ್ ನಾಲಿಗೆಯನ್ನು ಹಿಡಿದು ಒಣಗಿಸುವುದಕ್ಕೆ 'ಟ್ಯಾನಿನ್' ಅಂತ ಹೇಳಿ, ಅದೇನು ಅಂತ ವಿವರಿಸಲು ಗೈಡ್‌ಗಳು ಒದ್ದಾಡುತ್ತಾರೆ. ಕನ್ನಡದವರಿಗೆ ಒದ್ದಾಟ ಬೇಡ. ಅದು ಒಗರು. ಎಳೇ ಬಾಳೆಕಾಯಿ, ನೇರಳೆ, ಅಡಿಕೆ, ಜಾಸ್ತಿ ಕುದಿಸಿದ ಟೀ. ತೋಟದಲ್ಲಿ ಅಗಿದ ಸಿಪ್ಪೆ ನೆನಪಿದೆಯಲ್ಲ? ಅದೇ. ಒಗರು ಬೇರೆ, ಹುಳಿ ಬೇರೆ ಅಂತ ಗುರುತಿಸಿದರೆ ಅವತ್ತಿನ ಪಾಠದ ಅರ್ಧ ಮುಗಿಯಿತು. ಹುಳಿಗೆ ಬಾಯಲ್ಲಿ ನೀರೂರುತ್ತದೆ, ಒಗರಿಗೆ ಬಾಯಿ ಒಣಗುತ್ತದೆ.

ತಾಪಮಾನವನ್ನೂ ಗಮನಿಸಿ. ವೈಟ್ 8ರಿಂದ 12 ಡಿಗ್ರಿ, ರೆಡ್ 15ರಿಂದ 18 ಡಿಗ್ರಿ ಇದ್ದರೆ ಚೆಂದ. "ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು" ಅನ್ನುವ ಮಾತು ಯುರೋಪಿನ ತಣ್ಣನೆ ಕೋಣೆಗೆ ಸರಿ, ನಮ್ಮ ಮಾರ್ಚ್ ಮಧ್ಯಾಹ್ನಕ್ಕಲ್ಲ. 30 ಡಿಗ್ರಿಯಲ್ಲಿ ಸುರಿದ ರೆಡ್ ಬರೀ ಸ್ಪಿರಿಟ್ ವಾಸನೆ ಹೊಡೆಯುತ್ತದೆ. ಬೆಚ್ಚಗಿದ್ದರೆ ಸಂಕೋಚ ಬೇಡ, "ಹತ್ತು ನಿಮಿಷ ಐಸ್ ಬಕೆಟ್‌ನಲ್ಲಿ ಇಡ್ತೀರಾ" ಅಂತ ಕೇಳಿ. ಖುಷಿಯಿಂದಲೇ ಇಡುತ್ತಾರೆ, ಗಿರಾಕಿಗೆ ವಿಷಯ ಗೊತ್ತಿದೆ ಅಂತ.

ಮಧ್ಯಾಹ್ನ

ಮೊದಲ ವೈನರಿ 12 ಗಂಟೆ ಸುಮಾರಿಗೆ ಮುಗಿಸಿ. ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಕಡೆ ಹೋಗುವ ದಾರಿಯಲ್ಲಿ ಒಂದು ನಿದ್ದೆಯೂ ಆಗುತ್ತದೆ. ಎರಡನೇ ಕಡೆ ಮೊದಲು ಊಟ, ಆಮೇಲೆ ಟೇಸ್ಟಿಂಗ್. ಇದನ್ನು ಉಲ್ಟಾ ಮಾಡಬೇಡಿ.

ಊಟದ ಜೊತೆ ಒಂದು ಗ್ಲಾಸ್ ತಗೊಳ್ಳುವುದಾದರೆ, ಖಾರದ ಅಡುಗೆಗೆ ಒಗರು ರೆಡ್ ಆಗುವುದಿಲ್ಲ. ಖಾರ ಇನ್ನೂ ಉರಿಯುತ್ತದೆ. ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂ ತಣ್ಣಗೆ ಕೇಳಿ, ಕೋಳಿ ಫ್ರೈಗೂ ಪಕೋಡಕ್ಕೂ ಅದು ಒಗ್ಗುತ್ತದೆ. ಶಿರಾಜ್ ಬೇಕೇ ಬೇಕು ಅಂದ್ರೆ ಕೊಬ್ಬು ಇರುವ ಮಟನ್, ಮೆಣಸು ಹಾಕಿದ್ದು, ಹಸಿಮೆಣಸಿನಕಾಯಿ ಹಾಕಿದ್ದಲ್ಲ. ಮಾಂಸ ತಿನ್ನದವರಿಗೆ ಎಣ್ಣೆಗಾಯಿ ಬದನೆಕಾಯಿ ಸಿಕ್ಕರೆ ನೋಡಿ. ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ, ಕಡ್ಲೆಕಾಯಿ ಮಸಾಲೆ ಒಗರನ್ನು ಮೆತ್ತಗೆ ಮಾಡುತ್ತದೆ. ಮುದ್ದೆ, ಸೊಪ್ಪಿನ ಸಾರಿಗೆ ಯಾವ ವೈನೂ ಜೊತೆಯಾಗಲ್ಲ. ಅದಕ್ಕೆ ಮಜ್ಜಿಗೆಯೇ ಸರಿ.

ಊಟ ಆದ ಮೇಲೆ ಬಿಸಿಲು ಇಳಿಯುವ ತನಕ ಕೂತಿರಿ. ಎರಡನೇ ಟೇಸ್ಟಿಂಗ್‌ನಲ್ಲಿ ಎಲ್ಲವನ್ನೂ ಕುಡಿಯುವ ಹಠ ಬೇಡ. ಬೆಳಿಗ್ಗೆ ಇಷ್ಟವಾದ ಜಾತಿ ಯಾವುದೋ, ಅದೇ ಜಾತಿ ಇಲ್ಲಿ ಹೇಗಿದೆ ಅಂತ ನೋಡಿ. ಬೆಳಿಗ್ಗೆಯ ಶಿರಾಜ್, ಮಧ್ಯಾಹ್ನದ ಶಿರಾಜ್ ಪಕ್ಕ ಪಕ್ಕ ನೆನಪಿನಲ್ಲಿ ಇಟ್ಟುಕೊಂಡರೆ ಹತ್ತು ಲೇಬಲ್ ಕುಡಿದದ್ದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ಬಾಟಲಿ ತಗೊಳ್ಳುವುದು, ಮನೆಗೆ ತರುವುದು

ಟೇಸ್ಟಿಂಗ್ ಮುಗಿದ ತಕ್ಷಣ ಅಂಗಡಿಯೊಳಗೆ ಬಿಡುತ್ತಾರೆ. ಆಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೊದಲು ಹೊರಗೆ ಬಂದು ಒಂದು ಲೋಟ ನೀರು ಕುಡಿದು, ಫೋನಿನಲ್ಲಿ ಬರೆದದ್ದು ಓದಿ, ಆಮೇಲೆ ಒಳಗೆ ಹೋಗಿ. ಬೆಂಗಳೂರಿನ ಎಲ್ಲ ವೈನ್ ಶಾಪಿನಲ್ಲೂ ಸಿಗುವ ಬಾಟಲಿಯನ್ನು ಅಲ್ಲಿಂದ ಹೊತ್ತು ತರುವ ಅಗತ್ಯ ಇಲ್ಲ. "ಹೊರಗೆ ಸಿಗದ್ದು ಯಾವುದು" ಅಂತ ಕೇಳಿ ಅದನ್ನು ತಗೊಳ್ಳಿ. ಬಿಲ್ ಜೋಪಾನ. ಪಕ್ಕದ ರಾಜ್ಯಕ್ಕೆ ಒಯ್ಯುವವರು ಅಲ್ಲಿನ ಅಬಕಾರಿ ನಿಯಮ ನೋಡಿಕೊಂಡು ಹೊರಡಿ. ಹೊರದೇಶದಿಂದ ಬಂದು ಹಾಗೇ ದೇವನಹಳ್ಳಿ ಏರ್‌ಪೋರ್ಟ್‌ಗೆ ಹೋಗುವವರು ಬಾಟಲಿಯನ್ನು ಪಂಚೆಯಲ್ಲೋ ಟವೆಲ್‌ನಲ್ಲೋ ಸುತ್ತಿ ಚೆಕ್-ಇನ್ ಲಗೇಜಿಗೆ ಹಾಕಿ. ಕೈಚೀಲದಲ್ಲಿದ್ದರೆ ಸೆಕ್ಯೂರಿಟಿಯಲ್ಲಿ ಬಿಟ್ಟುಹೋಗಬೇಕಾಗುತ್ತದೆ.

ಡಿಕ್ಕಿಯಲ್ಲಿ ಇಡಬೇಡಿ. ಇದು ನನ್ನ ಸ್ವಂತ ನಷ್ಟದ ಮಾತು. ಆ ಮೊದಲ ಏಪ್ರಿಲ್‌ನಲ್ಲಿ ಎರಡು ಬಾಟಲಿ ಡಿಕ್ಕಿಯಲ್ಲಿಟ್ಟು, ಬಿಸಿಲಲ್ಲಿ ಗಾಡಿ ನಿಲ್ಲಿಸಿ, ಮೂರನೇ ವೈನರಿ ನೋಡಲು ಹೋಗಿದ್ದೆವು. ಮನೆಗೆ ಬಂದು ನೋಡಿದರೆ ಒಂದರ ಕಾರ್ಕ್ ಅರ್ಧ ಬೆರಳು ಮೇಲೆದ್ದು, ಕೆಂಪು ಅಂಟು ಲೇಬಲ್ ಮೇಲೆಲ್ಲ ಇಳಿದಿತ್ತು. ಕುಡಿದರೆ ಬೇಯಿಸಿದ ದ್ರಾಕ್ಷಿ ರಸ. ಸೀಟಿನ ಕೆಳಗೆ, ಎ.ಸಿ. ತಾಗುವ ಕಡೆ, ಒದ್ದೆ ಬಟ್ಟೆ ಸುತ್ತಿ ತನ್ನಿ. ಥರ್ಮೋಕೋಲ್ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಕಾರ್ಕ್ ಇರುವ ಬಾಟಲಿ ಮಲಗಿಸಿಡಿ, ತಿರುಪು ಮುಚ್ಚಳದ್ದು ಹೇಗಿಟ್ಟರೂ ನಡೆಯುತ್ತದೆ. ಗ್ಯಾಸ್ ಒಲೆ ಹತ್ತಿರ, ಫ್ರಿಜ್ ತಲೆ ಮೇಲೆ ಬೇಡ. ಬೀರುವಿನ ಕೆಳಗಿನ ಖಾನೆ ಸಾಕು. ವರ್ಷಗಟ್ಟಲೆ ಇಟ್ಟರೆ ರುಚಿ ಏರುತ್ತದೆ ಅನ್ನುವುದು ಎಲ್ಲ ವೈನ್‌ಗೂ ಅನ್ವಯಿಸಲ್ಲ. ನಮ್ಮ ಸಾಮಾನ್ಯ ವೈಟ್, ರೋಸೆಗಳನ್ನು ವರ್ಷ ಎರಡು ವರ್ಷದೊಳಗೆ ತೆಗೆದುಬಿಡಿ. ತೆಗೆದು ಉಳಿದದ್ದು ರೆಡ್ ಆದರೂ ಮುಚ್ಚಳ ಹಾಕಿ ಫ್ರಿಜ್‌ನಲ್ಲೇ ಇಡಬೇಕು. ಮೂರ್ನಾಲ್ಕು ದಿನ ಬರುತ್ತದೆ. ನಮ್ಮ ಮನೆಯಲ್ಲಿ ಅದು ಮೊಸರಿನ ಪಾತ್ರೆಗೂ ದೋಸೆ ಹಿಟ್ಟಿನ ಡಬ್ಬಿಗೂ ನಡುವೆ ನಿಂತಿರುತ್ತದೆ, ತೆಗೆದ ತಾರೀಖು ಬರೆದ ಚೀಟಿ ಅಂಟಿಸಿಕೊಂಡು. ಐದನೇ ದಿನ ಹುಳಿ ಜಾಸ್ತಿ ಆಗಿದ್ದರೆ ಚಿಕ್ಕಮ್ಮ ಅದನ್ನು ಮಟನ್ ನೆನೆಹಾಕಲು ಕೇಳಿ ತಗೊಂಡು ಹೋಗುತ್ತಾರೆ.